ಮೊದಲ ಹೆರಿಗೆಯಲ್ಲಿ ಬಿಪಿ ಏರಿತ್ತು. ಈಗ ಕೊಟ್ಟಿರುವ ಆಸ್ಪಿರಿನ್ ಗುಳಿಗೆ ಮುಂದುವರಿಸಬಹುದೇ?

ಪ್ರಶ್ನೆ, ಜಮಖಂಡಿಯಿಂದ:
ನನ್ನ ತಂಗಿಗೆ ಈಗ ಹದಿಮೂರು ವಾರ. ಮೊದಲ ಸಲ ಎಂಟನೇ ತಿಂಗಳಲ್ಲಿ ಬಿಪಿ 160/110ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡು, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು. ಕೂಸು ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಈ ಸಲ ವೈದ್ಯರು ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಬರೆದಿದ್ದಾರೆ. ಇದು ಹೃದಯದ ಕಾಯಿಲೆಯವರ ಗುಳಿಗೆ ಎಂದು ಯಾರೋ ಹೇಳಿದಾಗಿನಿಂದ ಅವಳ ಅತ್ತೆ, ರಕ್ತ ತೆಳುವಾಗಿ ಬಸಿರು ನಿಲ್ಲದೆ ಹೋದೀತೆಂದು ಹೆದರಿದ್ದಾರೆ. ತಾಯಿ ಕಾರ್ಡಿನಲ್ಲಿ ಈಗಿನ ಬಿಪಿ 116/74 ಇದೆ. ಹಾಗಿದ್ದರೂ ಗುಳಿಗೆ ಏಕೆ ಬೇಕು?

ಉತ್ತರ, ಬೆಳಗಾವಿಯ ಹೆರಿಗೆ ವಾರ್ಡಿನ ಶುಶ್ರೂಷಕಿ:
ಅಕ್ಕಾವರೇ, ಈ ಗುಳಿಗೆ ಏರಿದ ಬಿಪಿಯನ್ನು ಇಳಿಸುವುದಕ್ಕಲ್ಲ, ಆದ್ದರಿಂದ ಈಗಿನ ಅಂಕಿ ಚೆನ್ನಾಗಿದೆಯೆಂದು ಅದನ್ನು ಬಿಡಬಾರದು. ಮಾಸು ಗರ್ಭಕೋಶದಲ್ಲಿ ಬೇರೂರುವ ಈ ವಾರಗಳಲ್ಲಿ ಅದಕ್ಕೆ ರಕ್ತ ಒಯ್ಯುವ ನಾಳಗಳು ಸರಿಯಾಗಿ ಅಗಲವಾಗದಿದ್ದರೆ, ಆ ಕೊರತೆ ಇಪ್ಪತ್ತು ವಾರ ದಾಟಿದ ಮೇಲೆ ಬಿಪಿಯಾಗಿ ಹೊರಬೀಳುತ್ತದೆ. ಅದಕ್ಕೇ 12ನೇ ವಾರದಿಂದ, ಆದಷ್ಟು 16ನೇ ವಾರದೊಳಗೆ, ಶುರು ಮಾಡುತ್ತಾರೆ. ಅಪಾಯ ಹೆಚ್ಚಿದ್ದ ಗರ್ಭಿಣಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 37 ವಾರಕ್ಕೆ ಮೊದಲೇ ಹೆರಿಗೆಗೆ ತಂದಿಡುವ ಪ್ರೀಎಕ್ಲಾಂಪ್ಸಿಯಾ (ತಂಗಿಗೆ ಮೊದಲ ಸಲ ಆದಂತೆ, ಬಸಿರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ತೊಂದರೆ), ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 4.3, ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ನುಂಗಿದವರಲ್ಲಿ 1.6 ಇತ್ತು. ನಮ್ಮ ಬೆಳಗಾವಿ ಭಾಗದ ಚೊಚ್ಚಲ ಗರ್ಭಿಣಿಯರೂ ಪಾಲ್ಗೊಂಡಿದ್ದ, 2020ರಲ್ಲಿ ಪ್ರಕಟವಾದ ಆರು ದೇಶಗಳ ಅಧ್ಯಯನದಲ್ಲಿ 81 ಮಿಲಿಗ್ರಾಂ ಕೊಟ್ಟಾಗಲೂ ಅವಧಿಗೆ ಮುಂಚಿನ ಹೆರಿಗೆಗಳು ಕಡಿಮೆಯಾದವು. ಅತ್ತೆಯವರಿಗೆ ಇದನ್ನು ಸಮಾಧಾನದಿಂದ ತಿಳಿಸಿ. ಅವರ ಭಯ ಸೊಸೆಯ ಮೇಲಿನ ಕಾಳಜಿಯೇ. ತಂಗಿಗೆ ಉಬ್ಬಸ, ಹೊಟ್ಟೆಹುಣ್ಣು ಇದ್ದರೆ ಅಥವಾ ರಕ್ತ ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ಹೇಳಬೇಕು. ಸಾಮಾನ್ಯವಾಗಿ 36ನೇ ವಾರದ ಹೊತ್ತಿಗೆ ನಿಲ್ಲಿಸುತ್ತಾರೆ, ಅದನ್ನೂ ಅವರೇ ಹೇಳಲಿ.

ಉತ್ತರ, ಇಳಕಲ್‌ನಿಂದ:
ನನಗೂ ಇದೇ ಗುಳಿಗೆ ಕೊಟ್ಟಿದ್ದರು. ಕುಬಸ ಮುಗಿಸಿ ತವರಿಗೆ ಹೊರಟಾಗ ಸೀರೆ, ಬಳೆ, ಬುತ್ತಿ ಎಲ್ಲವೂ ಗಾಡಿಯೇರಿದವು, ಗುಳಿಗೆಯ ಚೀಟಿ ಗಂಡನ ಮನೆಯ ಗೂಡಿನಲ್ಲೇ ಉಳಿಯಿತು. ಹದಿನೆಂಟು ದಿನ ತಪ್ಪಿತು. ಮುಂದೆ 35ನೇ ವಾರದಲ್ಲಿ ತಲೆ ಸಿಡಿಯತೊಡಗಿ, ಕಣ್ಣು ಮಂಜಾಗಿ ದವಾಖಾನೆಗೆ ಓಡಬೇಕಾಯಿತು. ಗುಳಿಗೆ ಬಿಟ್ಟದ್ದರಿಂದಲೇ ಹೀಗಾಯಿತೆಂದು ಯಾರೂ ಹೇಳಲಿಲ್ಲ, ಆದರೆ ಆ ಹದಿನೆಂಟು ದಿನ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಬಿಪಿಗೆ ಲ್ಯಾಬೆಟಲಾಲ್, ಫಿಟ್ಸ್ ಬಾರದಂತೆ ಮ್ಯಾಗ್‌ಸಲ್ಫ್ ಸೂಜಿ ಕೊಟ್ಟರು. ಗುಳಿಗೆಯನ್ನು ತಾಯಿ ಕಾರ್ಡಿನೊಳಗೇ ಇಡಿಸಿ.

ಉತ್ತರ, ಬೆಳಗಾವಿಯ ಶುಶ್ರೂಷಕಿ:
ಇವರು ಹೇಳಿದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಬಾತುಕೊಳ್ಳುವುದು ಕಂಡರೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ. ಕ್ಯಾಲ್ಸಿಯಂ ಗುಳಿಗೆಯನ್ನೂ ತಪ್ಪಿಸಬಾರದು, ಕಬ್ಬಿಣಾಂಶದ ಗುಳಿಗೆಯ ಜೊತೆಗೆ ನುಂಗಿಸಬಾರದು.

ಪ್ರಶ್ನೆ ಕೇಳಿದವರು:
ಅತ್ತೆಯವರಿಗೆ ಓದಿ ಹೇಳಿದೆ. ಬರುವ 9ನೇ ತಾರೀಖಿನ ತಪಾಸಣೆಗೆ ತಾವೇ ಜೊತೆಗೆ ಬಂದು ವೈದ್ಯರನ್ನು ಕೇಳುವುದಾಗಿ ಹೇಳಿದ್ದಾರೆ; ಅಲ್ಲಿಯವರೆಗೆ ರಾತ್ರಿಯ ಗುಳಿಗೆಯನ್ನು ಅವರೇ ಕೈಗೆ ಕೊಡುತ್ತಾರಂತೆ.