ಕಪೊಯೆರಾ ನೃತ್ಯದ ಮುಸುಕು ಹೊದ್ದ ಕಾದಾಟವೇ?

ಪ್ರಶ್ನೆ | ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ನಾನು ಬ್ರೆಜಿಲಿನ ಕಾದಾಟದ ಕಲೆಯಾದ ಕಪೊಯೆರಾ ಕಲಿಯತೊಡಗಿ ಎಂಟು ತಿಂಗಳಾಯಿತು. ಬ್ರೆಜಿಲಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕಾ ಮೂಲದ ಗುಲಾಮರು ಒಡೆಯರ ಕಣ್ಣು ತಪ್ಪಿಸುವುದಕ್ಕಾಗಿ ಕಾದಾಟದ ಪಟ್ಟುಗಳಿಗೆ ಕುಣಿತದ ಮುಸುಕು ಹೊದಿಸಿದರು ಎಂಬ ಕಥೆಯನ್ನು ಮೊದಲ ದಿನವೇ ಕೇಳಿದೆ. ಆದರೆ ಕಲಿಯುತ್ತ ಹೋದಂತೆ ಆ ಮಾತು ಮನಸ್ಸಿಗೆ ಒಪ್ಪುತ್ತಿಲ್ಲ. ವಾದ್ಯದವರ ಅಪ್ಪಣೆಯಿಲ್ಲದೆ ಆಟ ಆರಂಭವಾಗುವುದಿಲ್ಲ. ತಾಳ ಬದಲಾದರೆ ಆಟದ ನಡೆಯೇ ಬದಲಾಗುತ್ತದೆ. ಸಂಗೀತ ಬರಿಯ ಮುಸುಕಾಗಿದ್ದರೆ ಗುಲಾಮಗಿರಿ ಅಳಿದ ಮೇಲೆ ಅದನ್ನು ಕಳಚಿಡಬಹುದಿತ್ತಲ್ಲವೇ? ಅಂಗೋಲ ಮತ್ತು ರೆಜಿಯೊನಾಲ್ ಎಂಬ ಎರಡು ಕವಲುಗಳು ಹುಟ್ಟಿದ್ದು ಹೇಗೆ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ | ಹಳೆಯಕಡತ

ತಮ್ಮ ಸಂದೇಹ ಸರಿಯಾಗಿಯೇ ಇದೆ. ಜರ್ಮನ್ ಚಿತ್ರಕಾರ ರುಗೆಂಡಾಸ್ 1820ರ ದಶಕದಲ್ಲಿ ಬ್ರೆಜಿಲಿನಲ್ಲಿ ಓಡಾಡಿ, 1835ರಲ್ಲಿ ಪ್ರಕಟಿಸಿದ ಚಿತ್ರಸಂಪುಟದಲ್ಲಿ ಕಪೊಯೆರಾದ ಒಂದು ದೃಶ್ಯವಿದೆ. ಇಬ್ಬರು ಎದುರುಬದುರಾಗಿ ನಿಂತಿದ್ದಾರೆ, ಒಬ್ಬನು ಡೋಲು ಬಡಿಯುತ್ತಿದ್ದಾನೆ, ಸುತ್ತ ಜನ ಸೇರಿದ್ದಾರೆ. ಆ ಚಿತ್ರಕ್ಕೆ ಅವನು ಕೊಟ್ಟ ಹೆಸರಿನಲ್ಲಿ ಆಟವೆಂಬ ಮಾತೂ ಇದೆ, ಯುದ್ಧದ ಕುಣಿತವೆಂಬ ಮಾತೂ ಇದೆ. ಹೊರಗಿನಿಂದ ಬಂದವನೊಬ್ಬನಿಗೇ ಅದು ಕಾದಾಟವೆಂದು ತಿಳಿದ ಮೇಲೆ, ದಿನವೂ ಕಾವಲು ಕಾಯುತ್ತಿದ್ದ ಒಡೆಯರಿಗೆ ತಿಳಿಯದೆ ಇತ್ತೆಂದು ನಂಬುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದ ಆರಂಭದ ರಿಯೊ ಡಿ ಜನೈರೊ ನಗರದ ಪೊಲೀಸ್ ದಾಖಲೆಗಳಲ್ಲಿ ಕಪೊಯೆರಾ ಆಡಿದ ಕಾರಣಕ್ಕೇ ಬಂಧಿತರಾದವರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಅವರಲ್ಲಿ ಕಾಂಗೊ, ಅಂಗೋಲ ಕಡೆಯವರು ಬಹಳ ಮಂದಿ. ಆಡಳಿತಕ್ಕೆ ಅದರ ಪರಿಚಯ ಚೆನ್ನಾಗಿಯೇ ಇತ್ತು.

ಗುಲಾಮಗಿರಿ 1888ರ ಮೇ 13ರಂದು ರದ್ದಾಯಿತು. ಅದಾಗಿ ಎರಡೇ ವರ್ಷಕ್ಕೆ, 1890ರಲ್ಲಿ ಬಂದ ದಂಡಸಂಹಿತೆಯು ಬೀದಿಯಲ್ಲಿ ಕಪೊಯೆರಾ ಆಡುವವರಿಗೆ ಎರಡರಿಂದ ಆರು ತಿಂಗಳ ಸೆರೆವಾಸವನ್ನೂ ಗುಂಪಿನ ನಾಯಕರಿಗೆ ಅದರ ಇಮ್ಮಡಿ ಶಿಕ್ಷೆಯನ್ನೂ ವಿಧಿಸಿತು. ರಿಯೊದಲ್ಲಿ ನಾಗೋವ, ಗ್ವಾಯಮು ಎಂಬ ಎರಡು ದೊಡ್ಡ ಕೂಟಗಳು ರಾಜಕಾರಣಿಗಳ ಚುನಾವಣೆಯ ಜಗಳಗಳಲ್ಲೂ ತೊಡಗಿದ್ದವೆಂಬುದು ನಿಜ. ಆದರೂ ಬಿಡುಗಡೆ ಪಡೆದು ಮೂರು ವರ್ಷವೂ ತುಂಬದ ಜನರ ಆಟವನ್ನೇ ಅಪರಾಧವೆಂದು ಬರೆದಿಟ್ಟ ಕಾನೂನನ್ನು ಓದುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಮುಸುಕಿನ ಕಥೆಯನ್ನು ಹೇಳುವವರು ಈ ಅಧ್ಯಾಯವನ್ನು ಹೇಳುವುದೇ ಇಲ್ಲ.

ಉತ್ತರ | ತಂತಿನಾದ

ಸಂಗೀತದ ವಿಷಯವಾಗಿ ಒಂದು ಮಾತು. ರುಗೆಂಡಾಸನ ಚಿತ್ರದಲ್ಲಿ ಬೆರಿಂಬೌ ಇಲ್ಲ, ಡೋಲು ಮಾತ್ರ ಇದೆ. ಇಂದು ವೃತ್ತದ, ಎಂದರೆ ಆಟಗಾರರನ್ನು ಸುತ್ತುವರಿದ ಬಳಗದ, ಯಜಮಾನಿಕೆ ನಡೆಸುವ ಈ ವಾದ್ಯ ಆಮೇಲೆ ಬಂದು ಸೇರಿದ್ದು. ತಾಳವಾದ್ಯವಾದರೋ ಆಗಲೂ ಇತ್ತು.

ಬೆರಿಂಬೌ ಎಂದರೆ ಬಾಗಿಸಿದ ಕೋಲು, ಅದಕ್ಕೆ ಬಿಗಿದ ಉಕ್ಕಿನ ತಂತಿ, ಕೆಳತುದಿಯಲ್ಲಿ ದಾರದಿಂದ ಕಟ್ಟಿದ ಸೋರೆಬುರುಡೆ. ತಂತಿಯನ್ನು ಹೆಚ್ಚಾಗಿ ಹಳೆಯ ಕಾರಿನ ಟೈರಿನಿಂದ ಬಿಡಿಸಿಕೊಳ್ಳುತ್ತಾರೆ. ಎಡಗೈಯ ಕಿರುಬೆರಳು ಆ ದಾರದ ಕುಣಿಕೆಯೊಳಗೆ ಹೋಗಿ ಇಡೀ ವಾದ್ಯದ ಭಾರವನ್ನು ಹೊರುತ್ತದೆ. ಹೊಸಬರಿಗೆ ಮೊದಲ ವಾರಗಳಲ್ಲಿ ಆ ಬೆರಳು ಸೆಟೆದು ನೋಯದೆ ಇರುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದ ನಾಣ್ಯ ಅಥವಾ ಕಲ್ಲನ್ನು ತಂತಿಗೆ ಒತ್ತಿದರೆ ಸ್ವರ ಏರುತ್ತದೆ, ಸುಮ್ಮನೆ ತಾಗಿಸಿದರೆ ಝೇಂಕಾರ ಬರುತ್ತದೆ. ಬುರುಡೆಯ ಬಾಯನ್ನು ಹೊಟ್ಟೆಗೆ ಆನಿಸಿದಾಗ ನಾದ ಮುಚ್ಚಿಕೊಳ್ಳುತ್ತದೆ, ದೂರ ಸರಿಸಿದಾಗ ಬಿಚ್ಚಿಕೊಳ್ಳುತ್ತದೆ. ದಪ್ಪ ದನಿಯ ಗುಂಗಾ, ನಡುವಿನ ಮೇದಿಯೊ, ತೆಳುದನಿಯ ವಿಯೋಲ ಎಂದು ಮೂರು ಬೆರಿಂಬೌಗಳು ಒಟ್ಟಿಗೆ ನುಡಿಯುತ್ತವೆ.

ಕವಲರಿಯಾ ಎಂಬ ಬಾರಿಸುವ ಬಗೆಯೊಂದಿದೆ. ಅದು ಕುದುರೆಯ ಗೊರಸಿನ ಸದ್ದನ್ನು ಹೋಲುತ್ತದೆ. ಕುದುರೆ ಪೊಲೀಸರು ಬರುತ್ತಿದ್ದಾರೆಂದು ಆಟಗಾರರನ್ನು ಎಚ್ಚರಿಸಲು ಅದನ್ನು ನುಡಿಸುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಇಲ್ಲಿ ಸಂಗೀತ ಆಟವನ್ನು ಮರೆಮಾಚುತ್ತಿಲ್ಲ, ಕಾಯುತ್ತಿದೆ ಎಂಬುದನ್ನು ದಯವಿಟ್ಟು ಗಮನಿಸಿ.

ಉತ್ತರ | ನಡುವೃತ್ತ

ಕವಲುಗಳ ಬಗ್ಗೆ ಬರೆಯುತ್ತೇನೆ. ಎರಡೂ ಬಾಹಿಯಾ ರಾಜ್ಯದ ಸಾಲ್ವದೋರ್ ನಗರದಲ್ಲಿ ರೂಪುಗೊಂಡವು. ಕಪೊಯೆರಾ ತನ್ನ ಕಾದಾಟದ ಕಸುವನ್ನು ಕಳೆದುಕೊಳ್ಳುತ್ತಿದೆ ಎಂಬ ಕಳವಳದಿಂದ ಮೆಸ್ತ್ರೆ (ಎಂದರೆ ಗುರು) ಬಿಂಬಾ ಅದಕ್ಕೆ ಬತೂಕೆ ಎಂಬ ಇನ್ನೊಂದು ಕಾದಾಟದ ಪಟ್ಟುಗಳನ್ನು ಬೆರೆಸಿ, ಇಬ್ಬರು ಕೂಡಿ ಅಭ್ಯಾಸ ಮಾಡುವ ಎಂಟು ಪಾಠಸರಣಿಗಳನ್ನು ಕಟ್ಟಿದರು. ಇದೇ ರೆಜಿಯೊನಾಲ್. 1932ರಲ್ಲಿ ತೆರೆದ ಅವರ ಶಾಲೆಗೆ 1937ರಲ್ಲಿ ಸರಕಾರದ ಮಾನ್ಯತೆ ಸಿಕ್ಕಿತು. ಉದ್ಯೋಗವಾಗಲಿ ಓದಾಗಲಿ ಇಲ್ಲದವರನ್ನು ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ಪುಂಡರ ಆಟವೆಂಬ ಹೆಸರನ್ನು ಅಳಿಸುವುದು ಅವರ ಹಟವಾಗಿತ್ತು. 1953ರಲ್ಲಿ ಅವರ ಶಿಷ್ಯರು ಅಧ್ಯಕ್ಷ ವರ್ಗಾಸ್ ಅವರ ಮುಂದೆಯೇ ಆಡಿದರು.

ಮೆಸ್ತ್ರೆ ಪಾಸ್ಟಿನ್ಯಾ 1941ರಲ್ಲಿ ಅಂಗೋಲ ಪದ್ಧತಿಯ ಕೇಂದ್ರವನ್ನು ಸ್ಥಾಪಿಸಿದರು. ಬಾಲ್ಯದಲ್ಲಿ ತಮಗಿಂತ ದೊಡ್ಡ ಹುಡುಗನೊಬ್ಬನ ಕೈಯಲ್ಲಿ ದಿನವೂ ಪೆಟ್ಟು ತಿನ್ನುತ್ತಿದ್ದುದನ್ನು ಬೆನೆದಿತೊ ಎಂಬ ಆಫ್ರಿಕಾದ ಹಿರಿಯರು ಕಿಟಕಿಯಿಂದ ಕಂಡು, ಕರೆದು ಕಲಿಸಿದರೆಂದು ಅವರೇ ಹೇಳಿಕೊಂಡಿದ್ದಾರೆ. ಅಂಗೋಲ ಹಳೆಯದು, ರೆಜಿಯೊನಾಲ್ ಹೊಸದು ಎಂದು ಗೆರೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಶಾಲೆ, ಸಮವಸ್ತ್ರ, ನಿಯಮಗಳನ್ನು ತಂದವರಲ್ಲಿ ಪಾಸ್ಟಿನ್ಯಾ ಅವರೂ ಒಬ್ಬರು. ಇಬ್ಬರಿಗೂ ಬದುಕಿನ ಕೊನೆಯಲ್ಲಿ ಬಡತನವೇ ದಕ್ಕಿತು: ಬಿಂಬಾ 1974ರಲ್ಲಿ ತಮ್ಮೂರಿನಿಂದ ದೂರದ ಗೊಯಾನಿಯಾದಲ್ಲಿ, ಪಾಸ್ಟಿನ್ಯಾ 1981ರಲ್ಲಿ ಕಣ್ಣು ಕಳೆದುಕೊಂಡು ತೀರಿಕೊಂಡರು. ಕಪೊಯೆರಾ ವೃತ್ತವನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2014ರಲ್ಲಿ.

ಹೊಸಹೆಜ್ಜೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೊನೆಯದಾಗಿ ಒಂದು ಸಂದೇಹ: ಅಂಗೋಲ ವೃತ್ತದಲ್ಲಿ ಮೊದಲ ಹಾಡಿನ ಹೊತ್ತಿಗೆ ಆಟಗಾರರು ಕದಲದೆ ಕುಳಿತಿರುವುದೇಕೆ?

ತಂತಿನಾದ

ಆ ಹಾಡು ಲದಾಯಿನ್ಯ. ಒಬ್ಬರೇ ಹಾಡುತ್ತಾರೆ, ಉಳಿದವರು ಕೇಳಬೇಕು. ಆಟಗಾರರಿಬ್ಬರೂ ಬೆರಿಂಬೌಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿರುತ್ತಾರೆ. ಅದು ಮುಗಿದ ಮೇಲೆ ಗುರುಗಳನ್ನೂ ದೇವರನ್ನೂ ನೆನೆಯುವ ಸಾಲುಗಳು ಬರುತ್ತವೆ. ಅವಕ್ಕೆ ವೃತ್ತದವರೆಲ್ಲ ದನಿಗೂಡಿಸುತ್ತಾರೆ. ಬಳಿಕ ಕೊರ್ರೀದೊ ಎಂಬ ಸೊಲ್ಲು-ಮರುಸೊಲ್ಲಿನ ಹಾಡು ಎದ್ದಾಗ ಗುಂಗಾ ಹಿಡಿದವರು ತಮ್ಮ ವಾದ್ಯವನ್ನು ಇಬ್ಬರ ನಡುವೆ ಬಾಗಿಸುತ್ತಾರೆ. ಆಗ ಕೈಕುಲುಕಿ ಒಳಗೆ ಇಳಿಯಬಹುದು.