ಸಹಾಯ ಬೇಕು: ನಾಟಕ ಆದ್ಮೇಲೆ ಮಾತುಕತೆ ಹೆಂಗ್ ನಡೆಸೋದು?

ಎಲ್ರಿಗೂ ನಮಸ್ಕಾರ. ನಮ್ದು ತಾಲ್ಲೂಕು ಮಟ್ಟದ ಚಿಕ್ಕ ಹವ್ಯಾಸಿ ತಂಡ, ವರ್ಷಕ್ಕೆ ಎರಡೋ ಮೂರೋ ನಾಟಕ ಅಷ್ಟೆ. ಹೆಗ್ಗೋಡಿನ ನೀನಾಸಮ್ ಅನ್ನೋ ನಾಟಕ ಸಂಸ್ಥೆಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮಾರನೇ ದಿನ ಕೂತು ಮಾತಾಡ್ತಾರಲ್ಲ, ಅದನ್ನ ನೋಡ್ಕೊಂಡ್ ಬಂದು ನಾವೂ ಶುರು ಮಾಡಿದ್ವಿ, ಮೊದಮೊದಲು ಚೆನ್ನಾಗೇ ಇತ್ತು, ಈಗ ಬರೀ "ಅದ್ಭುತ ಸಾರ್, ಲೈಟಿಂಗ್ ಸೂಪರ್" ಅಂತ ಹೇಳಿ ಟೀ ಕುಡ್ದು ಹೋಗೋ ಕಾರ್ಯಕ್ರಮ ಆಗ್ಬಿಟ್ಟಿದೆ.

ಹೋದ್ಸಲ ಡಿಗ್ರಿ ಓದೋ ಹುಡುಗಿ ಒಬ್ಳು ಎದ್ದು "ಎರಡನೇ ಅಂಕದಲ್ಲಿ ಮೇಳದೋರ ಹಾಡಲ್ಲಿ ಮಾತೆಲ್ಲ ಮುಚ್ಚೋಯ್ತು, ಹಿಂದಿನ ಸಾಲಿಗೆ ಏನೂ ಕೇಳ್ಸ್ಲಿಲ್ಲ" ಅಂದ್ಳು. ನಿಜಾನೇ, ನಾನೂ ಹಿಂದೇನೇ ಕೂತಿದ್ದೆ. "ನೀನು ಎಷ್ಟು ನಾಟಕ ಮಾಡಿದೀಯಮ್ಮಾ?" ಅಂತ ಒಬ್ರು ಕೇಳಿದ್ರು, ಎಲ್ರೂ ನಕ್ರು. ಕೈಲಿದ್ದ ಚೀಟಿ ಮಡಚಿ ಬ್ಯಾಗಿಗೆ ಹಾಕ್ಕೊಂಡು ಕೂತ್ಳು, ಆಮೇಲೆ ಬಂದೇ ಇಲ್ಲ. ಮಾತುಕತೆ ನಡೆಸ್ತಿದ್ದೋರು ನಿರ್ದೇಶಕರ ಭಾವಮೈದ, ಅವ್ರೇನ್ ತಡೀತಾರೆ ಹೇಳಿ. (ನಾನೂ ಸುಮ್ನೇ ಇದ್ದೆ, ಅದೇ ಕೊರೀತಿದೆ.)

ಮುಂದಿನ ಶೋಗೆ ಇನ್ನು 20 ದಿನ ಇದೆ. ತಂಡಕ್ಕೆ ಸಂಬಂಧನೇ ಇಲ್ದಿರೋ ಮೇಷ್ಟ್ರು ಯಾರನ್ನಾದ್ರೂ ನಡೆಸ್ಕೊಡೋಕೆ ಕರೀಬೇಕು ಅಂತಿದೀನಿ. ನಿರ್ದೇಶಕರು ಕೊನೇಲಿ ಮಾತ್ರ ಮಾತಾಡ್ಲಿ ಅಂದ್ರೆ ಒಪ್ತಾರಾ? ಹೆಸರಿಲ್ದೆ ಚೀಟೀಲಿ ಬರೆಸಿದ್ರೆ ಹೆಂಗೆ, ಇಲ್ಲ ಅದು ಬರೀ ಬೈಗುಳಕ್ಕೆ ದಾರಿ ಆಗುತ್ತಾ? ನಿಮ್ಮೂರಲ್ಲಿ ಮಾಡಿ ನೋಡಿದೋರು ದಯವಿಟ್ಟು ಹೇಳಿ. ಆ ಹುಡುಗೀನ ವಾಪಸ್ ಕರೆಯೋದು ಹೆಂಗೆ ಅಂತಾನೂ.