ಸಹಾಯ ಬೇಕು: ಟೇಕಾಫ್‌ಗೆ ಮುಂಚೆ ಮಿಕ್ಸ್ಚರ್ (ಎಂಜಿನ್‌ಗೆ ಹೋಗೋ ಇಂಧನ-ಗಾಳಿ ಮಿಶ್ರಣದ ಗುಬ್ಬಿ) ಎಷ್ಟು ಎಳೆಯಬೇಕು?

ಸೆಸ್ನಾ 172 ವಿಮಾನ ಹಾರಿಸೋದು ಗೊತ್ತಿರೋರು ದಯವಿಟ್ಟು ಹೇಳಿ. ನಮ್ಮ ಹಾಸನದ ಎತ್ತರ ಸುಮಾರು 3,200 ಅಡಿ. ಅಭ್ಯಾಸಕ್ಕೆ ಅದನ್ನೇ ರನ್‌ವೇ ಎತ್ತರ ಅಂತ ಇಟ್ಕೊಂಡು, ಕ್ಯೂಎನ್‌ಎಚ್ (ಸಮುದ್ರಮಟ್ಟದ ಲೆಕ್ಕಕ್ಕೆ ತಂದ ಗಾಳಿ ಒತ್ತಡ) 1013, ಬಿಸಿಲು 34 ಡಿಗ್ರಿ ಅಂತ ಲೆಕ್ಕ ಹಾಕಿದೆ. ಅಷ್ಟು ಎತ್ತರದಲ್ಲಿ ಸ್ಟ್ಯಾಂಡರ್ಡ್ ಉಷ್ಣತೆ 8.6 ಡಿಗ್ರಿ. ಹೆಚ್ಚಿರೋ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿದ್ರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳು ಅನ್ನೋದನ್ನ ಎತ್ತರದಲ್ಲಿ ಹೇಳೋ ಲೆಕ್ಕ) 6,200 ಅಡಿ ದಾಟುತ್ತೆ. ಎರಡು ಸಲ ನೋಡಿದೆ, ಅದೇ ಬಂತು.

3,000 ಅಡಿಗಿಂತ ಮೇಲಿನ ಫೀಲ್ಡ್‌ನಲ್ಲಿ ಫುಲ್ ಥ್ರಾಟಲ್ ಕೊಟ್ಟು, ಆರ್‌ಪಿಎಂ ಗರಿಷ್ಠ ಆಗೋವರೆಗೆ ಲೀನ್ ಮಾಡಿ (ಗುಬ್ಬಿ ಎಳೆದು ಇಂಧನ ಕಡಿಮೆ ಮಾಡಿ) ಅಂತ ಕೈಪಿಡೀಲಿದೆ. ಫುಲ್ ರಿಚ್‌ನಲ್ಲೇ (ಇಂಧನ ಪೂರ್ತಿ) ಇಟ್ರೆ ಪವರ್ ಸಾಲಲ್ಲ, ಜಾಸ್ತಿ ಎಳೆದ್ರೆ ಸಿಲಿಂಡರ್ ಕಾಯುತ್ತೆ. ಹಾಸನದ ಲೆಕ್ಕ ಸರಿ, ಸಿಕ್ಕಿಬಿದ್ದಿರೋದು ಇಲ್ಲಿ: ಫೀಲ್ಡ್ 2,000 ಅಡಿ, ಬಿಸಿಲು 38 ಡಿಗ್ರಿ ಇದ್ರೆ ಡೆನ್ಸಿಟಿ ಆಲ್ಟಿಟ್ಯೂಡ್ 5,200. ಆಗ ಲೀನ್ ಮಾಡ್ಬೇಕಾ, ಬೇಡ್ವಾ? ಮಾಡಿದ್ರೆ ಗರಿಷ್ಠ ಆರ್‌ಪಿಎಂನಲ್ಲೇ ನಿಲ್ಲಿಸ್ಬೇಕಾ, ಸ್ವಲ್ಪ ರಿಚ್ ಕಡೆಗೆ ವಾಪಸ್ ಒತ್ತಬೇಕಾ?